ಗೆರೆಯಿಂದ ಕುಣಿತ, ಕುಣಿತದಿಂದ ಗೆರೆ

ತಾತಗುಣಿ ಅಂದ ಕೂಡಲೇ ಪತ್ರಿಕೆ ಓದುವವರಿಗೆ ಮೊದಲು ನೆನಪಾಗುವುದು ಕೋರ್ಟು ಕಟ್ಟಳೆ. ಕನಕಪುರ ರಸ್ತೆಯ ಆ ನಾನೂರಕ್ಕೂ ಹೆಚ್ಚು ಎಕರೆ ತೋಟ ಯಾರಿಗೆ ಸೇರಬೇಕು ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. 1996ರಲ್ಲಿ ರಾಜ್ಯ ಸರ್ಕಾರ ಅದಕ್ಕೆಂದೇ ಕಾಯ್ದೆ ತಂದು ತೋಟವನ್ನು ವಶಕ್ಕೆ ತೆಗೆದುಕೊಳ್ಳಲು ಹೊರಟಿತು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಕೋರ್ಟಿನ ನಂತರ ನೆನಪಾಗುವವರು ದೇವಿಕಾರಾಣಿ, ಮೊಟ್ಟಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಚಿತ್ರನಟಿ. ಆಮೇಲೆ, ಸಾಲಿನ ಕೊನೆಯಲ್ಲಿ, ಅವರ ಪತಿ ಸ್ವೆತೊಸ್ಲಾವ್ ರೋರಿಕ್. ರಷ್ಯಾದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದ ಚಿತ್ರಕಾರ.

ಆ ಸ್ವೆತೊಸ್ಲಾವ್‌ನ ಅಪ್ಪ ನಿಕೊಲಾಯ್ ರೋರಿಕ್. ಹಿಮಾಲಯದ ಚಿತ್ರಕಾರ ಎಂದು ನಮ್ಮಲ್ಲಿ ಅವನಿಗೆ ಹೆಸರು. ಆದರೆ ಹಿಮಾಲಯ ಕಾಣುವ ಹತ್ತು ವರ್ಷ ಮೊದಲೇ, ಪ್ಯಾರಿಸ್ಸಿನ ಒಂದು ರಂಗಮಂದಿರದಲ್ಲಿ ಜನ ಕೂಗಾಡಿ ಕೈ ಕೈ ಮಿಲಾಯಿಸುವಂತೆ ಮಾಡಿದ ಒಂದು ಬ್ಯಾಲೆಗೆ ಅವನು ಪರದೆ ಬರೆದಿದ್ದ, ಉಡುಗೆ ಬಿಡಿಸಿದ್ದ, ಅದರ ಕತೆಯನ್ನೂ ಕೂಡಿ ಹೆಣೆದಿದ್ದ. ಇಪ್ಪತ್ತನೆಯ ಶತಮಾನದ ಕಲೆಯ ಇತಿಹಾಸ ಬರೆಯುವವರು ಯಾರೂ ಬಿಟ್ಟು ಮುಂದೆ ಹೋಗಲಾರದ ಆ ಬ್ಯಾಲೆ 'ವಸಂತದ ವಿಧಿ'. ಸಂಗೀತ ಇಗೊರ್ ಸ್ಟ್ರಾವಿನ್ಸ್ಕಿಯದು, ನೃತ್ಯ ಸಂಯೋಜನೆ ವಾಟ್ಸ್ಲಾವ್ ನಿಜಿನ್ಸ್ಕಿಯದು. ಈ ಇಬ್ಬರ ಹೆಸರು ಎಷ್ಟು ದೊಡ್ಡದಾಗಿ ಬೆಳೆಯಿತೆಂದರೆ ಚಿತ್ರಕಾರನ ಹೆಸರು ಅಡಿಟಿಪ್ಪಣಿಗೆ ಇಳಿಯಿತು. ಇದು ಅನ್ಯಾಯವೆಂದೇ ನನ್ನ ಎಣಿಕೆ. ಆ ಕುಣಿತ ಮೊಳೆತದ್ದು ಚಿತ್ರಗಳ ಜೊತೆಯಲ್ಲಿ. ಸತ್ತ ಮೇಲೆ ಎದ್ದು ಬಂದದ್ದಂತೂ ಚಿತ್ರಗಳಿಲ್ಲದೆ ಸಾಧ್ಯವೇ ಇರಲಿಲ್ಲ.

ನಿಕೊಲಾಯ್ ಹುಟ್ಟಿದ್ದು 1874ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಅಪ್ಪನದು ನೋಟರಿ ಕೆಲಸ. ಮಗ ಕಾನೂನು ಓದಲಿ ಎಂದು ಅಪ್ಪ, ಚಿತ್ರ ಕಲಿಯುತ್ತೇನೆ ಎಂದು ಮಗ. ಕೊನೆಗೆ ಎರಡೂ ಆಯಿತು: ವಿಶ್ವವಿದ್ಯಾಲಯದಲ್ಲಿ ಕಾನೂನು, ಕಲಾ ಅಕಾಡೆಮಿಯಲ್ಲಿ ಚಿತ್ರ. ಆದರೆ ಹುಡುಗನ ನಿಜವಾದ ಹುಚ್ಚು ಮೂರನೆಯದು, ಮಣ್ಣು ಅಗೆಯುವುದು. ಇಜ್ವಾರಾ ಎಂಬ ತಮ್ಮ ಜಮೀನಿನ ಆಸುಪಾಸಿನ ಹಳೆಯ ಸಮಾಧಿ ದಿಬ್ಬಗಳನ್ನು ಎಳೆ ವಯಸ್ಸಿನಲ್ಲೇ ತೋಡಲು ಶುರು ಮಾಡಿದವನು ಮುಂದೆ ನವ್‌ಗೊರೊದ್ ಪ್ರದೇಶದಲ್ಲೂ ಉತ್ಖನನ ನಡೆಸಿದ, ಪುರಾತತ್ವದ ಪಾಠ ಹೇಳಿದ. ಮಣ್ಣಿನಿಂದ ಬಂದ ಕಲ್ಲಿನ ಕೊಡಲಿ, ಕಂಚಿನ ಬಳೆ, ಮಡಕೆ ಚೂರಿನ ಮೇಲಿನ ಗೀರು, ಇವುಗಳಿಂದ ಆ ಕಾಲದ ಮನುಷ್ಯ ಹೇಗೆ ನಿಂತಿದ್ದ, ಏನು ಉಟ್ಟಿದ್ದ, ಯಾವ ದೇವರಿಗೆ ಬಾಗಿದ್ದ ಎಂದು ಕಲ್ಪಿಸಿಕೊಂಡು ಚಿತ್ರ ಬರೆಯುವುದು ಅವನ ದಾರಿಯಾಯಿತು.

ರಾಯಚೂರು ಸೀಮೆಯವರಿಗೆ ಈ ಬಗೆಯ ಮನುಷ್ಯ ಹೊಸಬನಲ್ಲ. ರೋರಿಕ್ ಹುಟ್ಟುವ ಕಾಲು ಶತಮಾನ ಮೊದಲು, ದೇವದುರ್ಗದಿಂದ ಕೃಷ್ಣೆ ದಾಟಿದರೆ ಸಿಗುವ ಸುರಪುರದಲ್ಲಿ ಫಿಲಿಪ್ ಮೆಡೋಸ್ ಟೇಲರ್ ಇದೇ ಕೆಲಸದಲ್ಲಿ ತೊಡಗಿದ್ದ. ಎಳೆಯ ರಾಜ ವೆಂಕಟಪ್ಪ ನಾಯಕನ ಸಂಸ್ಥಾನ ನೋಡಿಕೊಳ್ಳಲು ಬಂದ ಆ ಇಂಗ್ಲಿಷ್ ಅಧಿಕಾರಿ ಜೇವರ್ಗಿಯ ಬಳಿಯ ಕಲ್ಲುವೃತ್ತಗಳ ಗೋರಿಗಳನ್ನು ಅಗೆಸಿ, ಒಳಗೆ ಎಲುಬು ಎಲ್ಲಿತ್ತು, ಗಡಿಗೆ ಎಲ್ಲಿತ್ತು, ಮಣ್ಣಿನ ಪದರ ಹೇಗಿತ್ತು ಎಂದು ಅಡ್ಡಕೊಯ್ತದ ಚಿತ್ರ ಬರೆದಿಟ್ಟ. ಭಾರತದ ಪುರಾತತ್ವದಲ್ಲಿ ಅಷ್ಟು ಜಾಗರೂಕತೆಯ ನಕ್ಷೆಗಳು ಆಗ ಇರಲಿಲ್ಲ. ಈ ಗೋರಿಗಳು ಶಕರವು, ಅಂದರೆ ಕಪ್ಪುಸಮುದ್ರದ ಬಡಗಣ ಹುಲ್ಲುಗಾವಲಿನಲ್ಲಿದ್ದ ಸಿಥಿಯನ್ನರ ಬಳಗದವು, ಇರಬಹುದು ಎಂದು ಟೇಲರ್ ಊಹಿಸಿದ. ಊಹೆ ನಿಲ್ಲಲಿಲ್ಲ. ಆದರೆ ಅದೇ ಸಿಥಿಯನ್ನರ ಕನಸು ಅರ್ಧ ಶತಮಾನದ ಮೇಲೆ ರಷ್ಯಾದ ಕವಿಗಳಿಗೂ ಸಂಗೀತಗಾರರಿಗೂ ಹಿಡಿಯಿತು. ಯುರೋಪಿನ ನಾಜೂಕು ಸಾಕು, ನಮ್ಮ ಮೂಲ ಆ ಹುಲ್ಲುಗಾವಲಿನಲ್ಲಿದೆ ಎಂಬ ಮಾತು 1910ರ ಆಸುಪಾಸಿನ ಪೀಟರ್ಸ್‌ಬರ್ಗಿನಲ್ಲಿ ಗಾಳಿಯಲ್ಲೇ ಇತ್ತು. 'ವಸಂತದ ವಿಧಿ' ಹುಟ್ಟಿದ್ದು ಆ ಗಾಳಿಯಲ್ಲಿ.

ಸೆರ್ಗೇಯ್ ದಿಯಾಗಿಲೆವ್ ತನ್ನ ರಷ್ಯನ್ ಬ್ಯಾಲೆ ತಂಡವನ್ನು 1909ರ ಮೇ ತಿಂಗಳಲ್ಲಿ ಪ್ಯಾರಿಸ್ಸಿಗೆ ಕರೆದೊಯ್ದಾಗಲೇ ರೋರಿಕ್ ಅದರ ಒಬ್ಬ ಚಿತ್ರಕಾರ. 'ಪ್ರಿನ್ಸ್ ಇಗೊರ್' ಒಪೆರಾದ ಪೊಲೊವೆಟ್ಸಿಯನ್ ಕುಣಿತಗಳಿಗೆ ಅವನು ಬರೆದ ಪರದೆ, ಹೊಗೆಯಾಡುವ ಗುಡಾರಗಳು, ಕೊನೆಯಿಲ್ಲದ ಹಳದಿ ಆಕಾಶ, ಪ್ಯಾರಿಸ್ಸಿಗೆ ಹುಚ್ಚು ಹಿಡಿಸಿದವು. ಮಿಖಾಯಿಲ್ ಫೋಕಿನ್ ಸಂಯೋಜಿಸಿದ ಆ ಕುಣಿತದಲ್ಲಿ ಕಾಡುತನವಿತ್ತು. ಆದರೆ ಕಣ್ಣಿಗೆ ಹಿತವಾದ ಕಾಡುತನ.

ಮರುವರ್ಷ ಸ್ಟ್ರಾವಿನ್ಸ್ಕಿ 'ಬೆಂಕಿ ಹಕ್ಕಿ' ಬ್ಯಾಲೆಯ ಸಂಗೀತ ಮುಗಿಸುತ್ತಿರುವಾಗ ಅವನಿಗೊಂದು ದೃಶ್ಯ ಹೊಳೆಯಿತು: ಸುತ್ತ ಕೂತ ಮುದುಕರ ನಡುವೆ ಒಬ್ಬ ಹುಡುಗಿ ಸಾಯುವವರೆಗೂ ಕುಣಿಯುತ್ತಿದ್ದಾಳೆ, ವಸಂತದ ದೇವರಿಗೆ ಬಲಿಯಾಗಿ. ಇದನ್ನು ಅವನು ಹೋಗಿ ಹೇಳಿದ್ದು ರೋರಿಕ್‌ಗೆ. ಮುಂದೆ ಈ ಮೂಲ ಕಲ್ಪನೆ ಯಾರದು ಎಂದು ಇಬ್ಬರೂ ಬೇರೆ ಬೇರೆ ಕತೆ ಹೇಳಿದರು. ಸ್ಟ್ರಾವಿನ್ಸ್ಕಿ ಮುದಿ ವಯಸ್ಸಿನಲ್ಲಿ ಚಿತ್ರಕಾರನ ಪಾಲನ್ನು ಆದಷ್ಟು ಕಡಿಮೆ ಮಾಡಿ ತೋರಿಸಿದ. ತನಗೂ ಪ್ರಾಚೀನ ಸ್ಲಾವರ ಬಗ್ಗೆ ಬ್ಯಾಲೆಯ ಯೋಚನೆ ಮೊದಲೇ ಇತ್ತು ಎಂದು ರೋರಿಕ್ ಹೇಳಿಕೊಂಡ. ಹಳೆಯ ಕಾಲದ ವಿಷಯ ಎಂದಾಗ ಸಂಗೀತಗಾರ ಪುರಾತತ್ವ ಬಲ್ಲ ಗೆಳೆಯನ ಬಾಗಿಲು ತಟ್ಟಿದ ಎಂಬುದರಲ್ಲಿ ಮಾತ್ರ ತಕರಾರಿಲ್ಲ.

1911ರ ಬೇಸಿಗೆಯಲ್ಲಿ ಇಬ್ಬರೂ ಸ್ಮೊಲೆನ್ಸ್ಕ್ ಬಳಿಯ ತಲಾಷ್ಕಿನೊಗೆ ಹೋದರು. ಅದು ರಾಜಕುಮಾರಿ ಮರಿಯಾ ತೆನಿಶೆವಾಳ ಜಮೀನು. ಹಳ್ಳಿಯ ಕಸೂತಿ, ಮರಗೆಲಸ, ಹಳೆಯ ಉಡುಪುಗಳನ್ನು ಆಕೆ ಅಲ್ಲಿ ಕೂಡಿಹಾಕಿದ್ದಳು. ಹಳ್ಳಿಯವರಿಗೆ ಕುಶಲಕಲೆ ಕಲಿಸುವ ಕಾರ್ಯಶಾಲೆಗಳನ್ನೂ ನಡೆಸುತ್ತಿದ್ದಳು. ಅಲ್ಲಿ ಕೂತು ಸ್ಟ್ರಾವಿನ್ಸ್ಕಿ ಮತ್ತು ರೋರಿಕ್ ಬ್ಯಾಲೆಯ ಒಂದೊಂದು ಕುಣಿತವನ್ನೂ ಹೆಸರಿಟ್ಟು ಸಾಲಾಗಿಸಿದರು. ಎರಡು ಅಂಕ: ಮೊದಲನೆಯದು ಭೂಮಿಯ ಪೂಜೆ, ಎರಡನೆಯದು ಬಲಿ. ಭವಿಷ್ಯ ಹೇಳುವ ಮುದುಕಿ, ಎದುರುಬದುರು ನಿಂತ ಎರಡು ಕುಲಗಳ ಆಟ, ನೆಲಕ್ಕೆ ಬಾಗಿ ಮುತ್ತಿಡುವ ಹಿರಿಯ, ಆರಿಸಿಕೊಂಡ ಕನ್ಯೆ, ಪೂರ್ವಿಕರನ್ನು ಕರೆಯುವುದು, ಕೊನೆಗೆ ಬಲಿಯ ಕುಣಿತ. ಎಲ್ಲಿಯೂ ಪ್ರೇಮಕತೆಯಿಲ್ಲ, ರಾಜಕುಮಾರನಿಲ್ಲ. ಬ್ಯಾಲೆಗೆ ಇಂಥ ಕತೆ ಆವರೆಗೆ ಇರಲಿಲ್ಲ.

ರೋರಿಕ್ ಉಡುಗೆಯ ಚಿತ್ರಗಳನ್ನು ಬಿಡಿಸತೊಡಗಿದ. ಬ್ಯಾಲೆ ಹುಡುಗಿಯರು ಅಂದರೆ ಮೊಣಕಾಲ ಮೇಲಿನ ಜಾಲರಿ ಲಂಗ, ತುದಿಗಾಲ ಚಪ್ಪಲಿ ಎಂದಿದ್ದ ಕಾಲ. ಇವನ ಹುಡುಗಿಯರಿಗೆ ಪಾದದವರೆಗೂ ಇಳಿಬಿದ್ದ ಉಣ್ಣೆಯ ಅಂಗಿ, ಹಣೆಗೆ ಪಟ್ಟಿ, ಎದೆಯ ಮೇಲೆ ಇಳಿದ ಉದ್ದ ಜಡೆ, ಕಾಲಿಗೆ ನಾರಿನ ಮೆಟ್ಟು, ಕಣಕಾಲಿಗೆ ಸುತ್ತಿದ ಬಟ್ಟೆಪಟ್ಟಿ. ಹಿರಿಯರಿಗೆ ಕರಡಿ ಚರ್ಮ. ಅಂಗಿಯ ತುಂಬ ಅಂಚು ಅಂಚಾಗಿ ಅಚ್ಚೊತ್ತಿದ ಗುರುತುಗಳು: ವೃತ್ತದೊಳಗೆ ವೃತ್ತ, ಚೌಕ, ಅಂಕುಡೊಂಕು ಗೆರೆ. ಮಡಕೆ ಚೂರುಗಳ ಮೇಲೆ, ಹಳ್ಳಿಯ ಕಸೂತಿಯಲ್ಲಿ ಕಂಡದ್ದನ್ನೇ ಬಟ್ಟೆಗೆ ಇಳಿಸಿದ್ದ. ಪರದೆ ಎರಡು. ಒಂದರಲ್ಲಿ ಹಸಿರು ಗುಡ್ಡ, ಬಂಡೆ, ಕೆರೆ, ಮೋಡ ತುಂಬಿದ ಆಕಾಶ. ಇನ್ನೊಂದರಲ್ಲಿ ರಾತ್ರಿಯ ದಿಬ್ಬ, ಕಲ್ಲು, ಕಂಬಕ್ಕೆ ಕಟ್ಟಿದ ಪ್ರಾಣಿಗಳ ತಲೆ.

ಈ ಉಡುಗೆಯ ಚಿತ್ರಗಳಲ್ಲೇ ಅರ್ಧ ನೃತ್ಯ ಅಡಗಿತ್ತು. ಭಾರವಾದ ಉಣ್ಣೆಯಂಗಿ ಉಟ್ಟವಳು ಕಾಲು ಆಕಾಶಕ್ಕೆ ಎತ್ತಲಾರಳು. ನಾರಿನ ಮೆಟ್ಟು ಹಾಕಿದವಳು ತುದಿಗಾಲಲ್ಲಿ ನಿಲ್ಲಲಾರಳು. ಅವಳು ನೆಲ ತುಳಿಯಬೇಕು, ಇಲ್ಲವೇ ಸುಮ್ಮನೆ ನಿಲ್ಲಬೇಕು. ಇಪ್ಪತ್ತನಾಲ್ಕರ ಆಸುಪಾಸಿನ ನಿಜಿನ್ಸ್ಕಿ ಇದನ್ನು ಬಲ್ಲವನು. ಸ್ಟ್ರಾವಿನ್ಸ್ಕಿಯ ಸಂಗೀತದಷ್ಟೇ ರೋರಿಕ್‌ನ ಚಿತ್ರಗಳೂ ತನಗೆ ಸ್ಫೂರ್ತಿ ಎಂದು ಅಣ್ಣ ಹೇಳುತ್ತಿದ್ದುದನ್ನು ತಂಗಿ ಬ್ರೊನಿಸ್ಲಾವಾ ನಿಜಿನ್ಸ್ಕಾ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. ಬಲಿಯ ಕನ್ಯೆಯ ಪಾತ್ರವನ್ನು ಅವನು ಮೊದಲು ಕಟ್ಟಿದ್ದು ಆಕೆಯ ಮೇಲೆಯೇ. ಆಕೆ ಬಸುರಿಯಾದದ್ದರಿಂದ ಪಾತ್ರ ಮರಿಯಾ ಪಿಲ್ಟ್ಸ್ ಪಾಲಿಗೆ ಬಂತು.

ಅವನು ಕಟ್ಟಿದ ನಿಲುವು ಬ್ಯಾಲೆ ಶಾಲೆ ಕಲಿಸಿದ್ದಕ್ಕೆ ನೇರ ಉಲ್ಟಾ. ಪಾದಗಳು ಹೊರಕ್ಕೆ ತೆರೆಯುವ ಬದಲು ಒಳಕ್ಕೆ ತಿರುಗಿದವು. ಮಂಡಿ ಬಾಗಿತು. ಮೊಣಕೈ ಪಕ್ಕೆಗೆ ಅಂಟಿತು. ಮುಷ್ಟಿಯ ಮೇಲೆ ಕೆನ್ನೆ ಒರಗಿತು. ಜಿಗಿದವರು ಹೂವಿನಂತೆ ಇಳಿಯದೆ ಇಡೀ ಪಾದ ಊರಿ ಧೊಪ್ಪೆಂದು ಬಿದ್ದರು. ಗುಂಪುಗಳು ಒಂದರೊಳಗೊಂದು ವೃತ್ತವಾಗಿ, ಒಂದು ಎಡಕ್ಕೆ ಸುತ್ತಿದರೆ ಇನ್ನೊಂದು ಬಲಕ್ಕೆ ಸುತ್ತಿ, ಅಂಗಿಯಂಚಿನ ರೋರಿಕ್‌ನ ವೃತ್ತಗಳೇ ನೆಲಕ್ಕಿಳಿದವು.

ಇದರಲ್ಲಿ ಅಷ್ಟೊಂದು ಗಾಬರಿಯಾಗುವುದೇನಿತ್ತು ಎಂದು ನಮ್ಮ ಕಡೆಯವರು ಕೇಳಿಯಾರು. ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ಮೊಹರಂ ಬಂತೆಂದರೆ ಅಲಾಯಿ ಕುಣಿಯ ಸುತ್ತ ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತ ಸುತ್ತುವ ಗಂಡಸರ ಮಂಡಿಯೂ ಬಾಗಿರುತ್ತದೆ, ಪಾದವೂ ಪೂರ್ತಿ ನೆಲಕ್ಕೆ ಬೀಳುತ್ತದೆ; ಎಡಕ್ಕೂ ಬಲಕ್ಕೂ ತಿರುಗುವ ಸುತ್ತೂ ಇರುತ್ತದೆ. ಆದರೆ ಅಲ್ಲಿ ಕಾಲಿಗೆ ಹಲಗೆ ದಾರಿ ತೋರಿಸುತ್ತದೆ. ಸ್ಟ್ರಾವಿನ್ಸ್ಕಿಯ ಲಯ ಅಂಥದ್ದಲ್ಲ. ಒಂದು ಸಾಲಿಗೆ ಐದು ಮಾತ್ರೆ, ಮುಂದಿನದಕ್ಕೆ ಏಳು, ಆಮೇಲೆ ಮೂರು. ಪೆಟ್ಟು ಎಲ್ಲಿ ಬೀಳುತ್ತದೆಂದು ಕಿವಿಗೆ ಸುಳಿವೇ ಸಿಗದು. ಪೀಟರ್ಸ್‌ಬರ್ಗಿನ ಸಾಮ್ರಾಟರ ಶಾಲೆಯಲ್ಲಿ ಪಳಗಿದ ನರ್ತಕರು ಎಣಿಸಿ ಎಣಿಸಿ ಸೋತರು. ಲಯ ಕಲಿಸಲೆಂದೇ ದಿಯಾಗಿಲೆವ್ ಪೋಲೆಂಡಿನ ಹುಡುಗಿ ಮಾರಿ ರಾಂಬರ್ಟ್‌ಳನ್ನು ಕರೆಸಿದ. ಜಾಕ್ ದಾಲ್ಕ್ರೋಜ್‌ನ ಶಿಷ್ಯೆಯಾದ ಆಕೆ ಸ್ವರಲಿಪಿಯ ಮೇಲೆ ಹೆಜ್ಜೆಗಳನ್ನು ಗುರುತು ಹಾಕುತ್ತ ಬಂದಳು. ತಾಲೀಮುಗಳು ನೂರು ದಾಟಿದವು. ಉಣ್ಣೆಯ ಅಂಗಿಯೊಳಗೆ ಬೆವರುತ್ತ ನರ್ತಕರು ಈ ಕೆಲಸವನ್ನು ಮನಸಾರೆ ದ್ವೇಷಿಸಿದರು.

1913ರ ಮೇ 29ರ ರಾತ್ರಿ, ಆ ವಸಂತದಲ್ಲೇ ಬಾಗಿಲು ತೆರೆದಿದ್ದ ಶಾಂಜೆಲಿಜೆ ರಂಗಮಂದಿರದಲ್ಲಿ ಮೊದಲ ಪ್ರದರ್ಶನ. ಆ ರಾತ್ರಿಯ ಗಲಾಟೆಯ ಕತೆ ಸಾಕಷ್ಟು ಸಲ ಹೇಳಿ ಆಗಿದೆ. ಬಸೂನ್ ವಾದ್ಯ ಅಪರೂಪಕ್ಕೆ ಮುಟ್ಟುವ ಎತ್ತರದ ಸ್ವರದಲ್ಲಿ ಶುರುವಾದಾಗಲೇ ನಗು. ಪರದೆ ಎದ್ದು ಮೊಣಕಾಲು ಒಳತಿರುಗಿಸಿ ಕುಪ್ಪಳಿಸುವ ಹುಡುಗಿಯರು ಕಂಡಾಗ ಕೂಗು. ಬಾಲ್ಕನಿಗೂ ಬಾಕ್ಸಿಗೂ ಬೈಗುಳದ ವಿನಿಮಯ. ದಿಯಾಗಿಲೆವ್ ಜನರನ್ನು ಸುಮ್ಮನಾಗಿಸಲು ದೀಪ ಹೊತ್ತಿಸಿ ಆರಿಸಿದ. ನಿಜಿನ್ಸ್ಕಿ ರಂಗದ ಪಕ್ಕದಲ್ಲಿ ಕುರ್ಚಿ ಹತ್ತಿ ನಿಂತು ರಷ್ಯನ್ ಭಾಷೆಯಲ್ಲಿ ಎಣಿಕೆ ಕೂಗಿದ. ವಾದ್ಯವೃಂದದ ನಿರ್ದೇಶಕ ಪಿಯೆರ್ ಮೊಂತ್ಯೂ ತಲೆಯೆತ್ತದೆ ಕೊನೆಯ ಸ್ವರದವರೆಗೂ ನುಡಿಸಿದ. ಈ ಕತೆ ಹೇಳುವವರು ಹೆಚ್ಚಾಗಿ ಬಿಟ್ಟುಬಿಡುವ ಒಂದು ಸಂಗತಿಯಿದೆ. ಅದೇ ರಾತ್ರಿಯ ಕಾರ್ಯಕ್ರಮದ ಕೊನೆಯ ತುಂಡು ಪೊಲೊವೆಟ್ಸಿಯನ್ ಕುಣಿತ. ನಾಲ್ಕು ವರ್ಷದಿಂದ ಪ್ಯಾರಿಸ್ ಮೆಚ್ಚಿಕೊಂಡಿದ್ದ ಪರದೆಯೂ ಈಗ ಕೂಗಿ ತಳ್ಳಿಹಾಕಿದ ಪರದೆಯೂ ಒಬ್ಬನೇ ಚಿತ್ರಕಾರನವು, ಒಂದೇ ರಂಗದ ಮೇಲೆ, ಗಂಟೆ ಎರಡು ಗಂಟೆಯ ಅಂತರದಲ್ಲಿ.

ಆ ಗಲಾಟೆಯ ನಡುವೆ ಒಬ್ಬಳು ಚಿತ್ರ ಬರೆಯುತ್ತಿದ್ದಳು. ವ್ಯಾಲೆಂಟೀನ್ ಗ್ರೋಸ್, ಇಪ್ಪತ್ತಾರು ವರ್ಷ, ಬುಲೋನ್ ಊರಿನವಳು, ಪ್ಯಾರಿಸ್ಸಿನ ಕಲಾಶಾಲೆಯಲ್ಲಿ ಓದಿದವಳು. ರಷ್ಯನ್ ತಂಡ ಬಂದ ಮೇಲೆ ಅದರ ಹಿಂದೆಯೇ ಬಿದ್ದಿದ್ದಳು. ಆಕೆ ಬರೆದ ಬ್ಯಾಲೆ ಚಿತ್ರಗಳ ಪ್ರದರ್ಶನ ಅದೇ ರಂಗಮಂದಿರದ ಪಡಸಾಲೆಯಲ್ಲಿ ನಡೆದಿತ್ತು. ಭೂಕಂಪವಾದಂತೆ ಕಟ್ಟಡವೇ ನಡುಗಿತು ಎಂದು ಆ ರಾತ್ರಿಯ ಬಗ್ಗೆ ಆಕೆ ಮುಂದೆ ನೆನಪಿಸಿಕೊಂಡಳು. ಸಭಾಂಗಣದ ಕತ್ತಲಲ್ಲಿ, ಕಾಗದ ನೋಡದೆ, ಕಣ್ಣನ್ನು ರಂಗದ ಮೇಲಿಟ್ಟು ಪೆನ್ಸಿಲ್ಲಿನಲ್ಲಿ ಗೀಚುವುದು ಆಕೆಯ ಅಭ್ಯಾಸ. ಬಾಗಿದ ಬೆನ್ನಿಗೊಂದು ಗೆರೆ, ಒರಗಿದ ತಲೆಗೊಂದು ಸುತ್ತು, ಗುಂಪಿಗೆ ಒಂದಿಷ್ಟು ಕಡ್ಡಿ. ಮನೆಗೆ ಹೋಗಿ ಆ ಗೀಚುಗಳಿಂದ ಶಾಯಿಯಲ್ಲೂ ಬಣ್ಣದ ಕಡ್ಡಿಯಲ್ಲೂ ದೊಡ್ಡ ಚಿತ್ರ ಮಾಡುತ್ತಿದ್ದಳು. ಬಲಿಯ ಕುಣಿತದ ಕೆಲವು ಚಿತ್ರಗಳನ್ನು ಸ್ಟ್ರಾವಿನ್ಸ್ಕಿಯ ಸ್ವರಲಿಪಿಯ ಸಾಲುಗಳ ಜೊತೆಗೇ ಇಟ್ಟಳು. 'ಮೋಂಜ್ವಾ' ಎಂಬ ಪತ್ರಿಕೆ ಅವನ್ನು ಅದೇ ಜೂನಿನಲ್ಲಿ ಅಚ್ಚು ಹಾಕಿತು. ಈ ಸ್ವರಕ್ಕೆ ಈ ಭಂಗಿ ಎಂದು ಹೇಳುವ ಚಿತ್ರಗಳು. ಬರೆಯುವಾಗ ಆಕೆಗೆ ಅದರ ಬೆಲೆ ಎಷ್ಟೆಂದು ತಿಳಿದಿರಲಾರದು.

ಓಡುವುದನ್ನು, ಎಳೆಯುವುದನ್ನು, ಕುಣಿಯುವುದನ್ನು ನಿಂತ ಗೆರೆಯಲ್ಲಿ ಹಿಡಿಯುವುದು ಹೇಗೆ? ರಾಯಚೂರು ಕೋಟೆಯ ಗೋಡೆಯಲ್ಲಿ ಇದಕ್ಕೆ ಒಬ್ಬ ಕಲ್ಲುಕುಟಿಗನ ಉತ್ತರವಿದೆ. ಕಾಕತೀಯರ ಕಾಲದ 1294ರ ಶಾಸನವುಳ್ಳ, ಸುಮಾರು 41 ಅಡಿ ಉದ್ದದ ಒಂದೇ ಚಪ್ಪಡಿ ಅಲ್ಲಿದೆ. ಅದರ ಹತ್ತಿರವೇ ಅಷ್ಟು ದೊಡ್ಡ ಕಲ್ಲನ್ನು ಸಾಗಿಸಿ ತಂದ ಬಗೆಯನ್ನು ಗೀರಿ ತೋರಿಸಿದ್ದಾರೆ: ಗಾಲಿಯ ಬಂಡಿ, ಅದರ ಮೇಲೆ ಕಲ್ಲು, ಮುಂದೆ ಸಾಲುಗಟ್ಟಿದ ಕೋಣಗಳು, ಅವನ್ನು ಹುರಿದುಂಬಿಸುವ ಆಳುಗಳು, ಹಿಂದಿನಿಂದ ಗಾಲಿಗೆ ಸನ್ನೆಗೋಲು ಕೊಟ್ಟು ತಳ್ಳುವವರು. ಅಂದವಾದ ಚಿತ್ರವೇನಲ್ಲ. ಆದರೆ ಎಷ್ಟು ಕೋಣ, ಯಾರು ಎಲ್ಲಿ ನಿಂತರು, ಬಲ ಎಲ್ಲಿಂದ ಬಿತ್ತು ಎಂಬುದು ಅದರಲ್ಲಿದೆ. ನಾಳೆ ಯಾರಾದರೂ ಅಂಥದೇ ಕಲ್ಲು ಸಾಗಿಸಬೇಕೆಂದರೆ ಶಾಸನದ ಅಕ್ಷರಗಳು ಅವರಿಗೆ ಉಪಯೋಗಕ್ಕೆ ಬರುವುದಿಲ್ಲ, ಈ ಗೀರು ಬರುತ್ತದೆ. ಗ್ರೋಸ್‌ಳ ಗೀಚುಗಳದ್ದೂ ಇದೇ ಜಾತಿ. ಅಂದಕ್ಕಾಗಿ ಬರೆದ ಬ್ಯಾಲೆ ಚಿತ್ರಗಳು ಆ ಕಾಲದಲ್ಲಿ ರಾಶಿ ರಾಶಿ ಬಂದವು, ಹೆಚ್ಚಿನವು ನರ್ತಕಿಯ ಚೆಲುವನ್ನಷ್ಟೇ ಹೇಳುತ್ತವೆ. ಈಕೆಯವು ತೂಕ ಯಾವ ಕಾಲಿನ ಮೇಲಿದೆ ಎಂದು ಹೇಳುತ್ತವೆ.

ಪ್ಯಾರಿಸ್ಸಿನಲ್ಲೂ, ಜುಲೈ ತಿಂಗಳಲ್ಲಿ ಲಂಡನ್ನಿನಲ್ಲೂ ಸೇರಿ 'ವಸಂತದ ವಿಧಿ' ರಂಗಕ್ಕೆ ಬಂದದ್ದು ಹತ್ತು ಸಲವೂ ಅಲ್ಲ. ಸೆಪ್ಟೆಂಬರಿನಲ್ಲಿ ದಕ್ಷಿಣ ಅಮೆರಿಕದ ಪ್ರವಾಸದಲ್ಲಿ ನಿಜಿನ್ಸ್ಕಿ ರೊಮೊಲಾ ಪುಲ್ಸ್ಕಿಯನ್ನು ಮದುವೆಯಾದ. ಸಿಟ್ಟಿಗೆದ್ದ ದಿಯಾಗಿಲೆವ್ ಅವನನ್ನು ತಂಡದಿಂದ ಕಿತ್ತುಹಾಕಿದ. ಮುಂದೆ ನಿಜಿನ್ಸ್ಕಿಯ ಬುದ್ಧಿ ಸ್ಥಿಮಿತ ತಪ್ಪಿತು. ತನ್ನ ಇನ್ನೊಂದು ಬ್ಯಾಲೆಯ ಹೆಜ್ಜೆಗಳನ್ನು ತಾನೇ ರೂಪಿಸಿದ ಲಿಪಿಯಲ್ಲಿ ಬರೆದಿಟ್ಟವನು ಇದನ್ನು ಬರೆದಿಡಲಿಲ್ಲ. 1920ರಲ್ಲಿ ದಿಯಾಗಿಲೆವ್ ಇದನ್ನು ಮತ್ತೆ ಆಡಿಸಲು ಹೊರಟಾಗ ತಂಡದಲ್ಲಿ ಯಾರಿಗೂ ಪೂರ್ತಿ ಹೆಜ್ಜೆ ನೆನಪಿರಲಿಲ್ಲ. ರೋರಿಕ್‌ನ ಪರದೆ ಇತ್ತು, ಉಡುಗೆ ಇತ್ತು, ಸಂಗೀತ ಇತ್ತು, ಕುಣಿತ ಇರಲಿಲ್ಲ. ಲಿಯೊನಿದ್ ಮಸ್ಸೀನ್ ಹೊಸದಾಗಿ ಕಟ್ಟಬೇಕಾಯಿತು. 1930ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಸ್ಸೀನನ ಈ ರೂಪ ರಂಗಕ್ಕೆ ಬಂದಾಗ ಬಲಿಯ ಕನ್ಯೆಯಾಗಿ ಕುಣಿದವಳು ಮಾರ್ಥಾ ಗ್ರಹಾಂ. ಅಲ್ಲಿಯೂ ರಂಗಸಜ್ಜು ರೋರಿಕ್‌ನದೇ.

ಅಷ್ಟರಲ್ಲಿ ಚಿತ್ರಕಾರ ನಮ್ಮವನಾಗಿಬಿಟ್ಟಿದ್ದ. ರಷ್ಯಾದ ಕ್ರಾಂತಿಯ ನಂತರ ಫಿನ್ಲೆಂಡ್, ಲಂಡನ್, ನ್ಯೂಯಾರ್ಕ್ ಸುತ್ತಿ 1923ರ ಡಿಸೆಂಬರಿನಲ್ಲಿ ಹೆಂಡತಿ ಹೆಲೆನಾ ಹಾಗೂ ಮಕ್ಕಳ ಜೊತೆ ಮುಂಬಯಿಗೆ ಬಂದಿಳಿದ. ಮಧ್ಯ ಏಷ್ಯಾದ ವರ್ಷಗಟ್ಟಲೆಯ ಯಾತ್ರೆ ಮುಗಿಸಿ ಕುಲು ಕಣಿವೆಯ ನಗ್ಗರದಲ್ಲಿ ನೆಲೆಸಿದ. ಯುದ್ಧಕಾಲದಲ್ಲಿ ಕಲೆ ಮತ್ತು ಸ್ಮಾರಕಗಳನ್ನು ಕಾಪಾಡುವ ಒಪ್ಪಂದಕ್ಕೆ 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನಲ್ಲಿ ಸಹಿ ಬಿತ್ತು. ಅದಕ್ಕೆ ಇವನದೇ ಹೆಸರು. 1947ರ ಡಿಸೆಂಬರಿನಲ್ಲಿ ನಗ್ಗರದಲ್ಲೇ ತೀರಿಕೊಂಡ.

ಕಿರಿಯ ಮಗ ಸ್ವೆತೊಸ್ಲಾವ್‌ಗೆ ಪ್ಯಾರಿಸ್ಸಿನ ಆ ಗಲಾಟೆಯ ಹೊತ್ತಿಗೆ ಎಂಟು ವರ್ಷ. 1945ರಲ್ಲಿ ಅವನು ದೇವಿಕಾರಾಣಿಯನ್ನು ಮದುವೆಯಾದ. ಮುಂದೆ ದಂಪತಿ ಬೆಂಗಳೂರಿಗೆ ಬಂದು ತಾತಗುಣಿಯಲ್ಲಿ ತೋಟ ಕೊಂಡರು, ಸುಗಂಧ ತೈಲ ಕೊಡುವ ಲಿನಾಲೊ ಮರಗಳನ್ನು ಬೆಳೆದರು. ಸ್ವೆತೊಸ್ಲಾವ್ ದಕ್ಷಿಣದ ಕೆಂಪು ಮಣ್ಣನ್ನೂ ದುಡಿಯುವ ಹೆಂಗಸರನ್ನೂ ಉರಿಯುವ ಬಣ್ಣಗಳಲ್ಲಿ ಬರೆದ. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಜೊತೆ ಅವನ ನಂಟು ಗಟ್ಟಿಯಾಗಿತ್ತು. ಕುಮಾರಕೃಪಾ ರಸ್ತೆಯ ಪರಿಷತ್ತಿನ ರೋರಿಕ್ ಗ್ಯಾಲರಿಯಲ್ಲಿ ಅಪ್ಪ ಮಗ ಇಬ್ಬರ ಚಿತ್ರಗಳೂ ಇವೆ.

ಅಲ್ಲಿನ ಅಪ್ಪನ ಚಿತ್ರಗಳ ಎದುರು ನಿಂತವರು ಸಾಮಾನ್ಯವಾಗಿ ಶಾಂತಿ, ಧ್ಯಾನ, ಅಧ್ಯಾತ್ಮ ಎಂದು ಮಾತಾಡುತ್ತಾರೆ. ಅದು ಸುಳ್ಳಲ್ಲ, ಆದರೆ ನನಗೆ ಅವು ರಂಗದ ಪರದೆಗಳಾಗಿ ಕಾಣುತ್ತವೆ. ದೂರದ ಬೆಟ್ಟ ಒಂದು ಚಪ್ಪಟೆ ಬಣ್ಣ, ನಡುವಿನದು ಇನ್ನೊಂದು, ಮುಂದಿನ ಬಂಡೆ ಮೂರನೆಯದು. ನೆರಳಿನ ಆಟ ಕಡಿಮೆ. ಹಿಂದಿನ ಸಾಲಿನಲ್ಲಿ ಕೂತವನಿಗೂ ಕಾಣಬೇಕೆಂಬಂತೆ ಬಿಡಿಬಿಡಿಯಾದ ಆಕಾರ. ಮುಂದೆ ಬಯಲು ಖಾಲಿ, ಮನುಷ್ಯರಿದ್ದರೆ ಬೆರಳಷ್ಟು. 1913ರ ಹಸಿರು ಗುಡ್ಡದ ಪರದೆಯನ್ನು ಬಲ್ಲವರಿಗೆ ಅದೇ ಕೈ ಇಲ್ಲಿ ತಿಳಿಯುತ್ತದೆ. ರಂಗಭೂಮಿ ಬಿಟ್ಟ ಮೇಲೂ ಅವನು ರಂಗಸಜ್ಜನ್ನು ಬಿಡಲಿಲ್ಲ. ನಟರನ್ನು ಮಾತ್ರ ಕೆಳಗಿಳಿಸಿದ.

ಇತ್ತ ಮಗ ತಾತಗುಣಿಯಲ್ಲಿ ಮುಪ್ಪಾಗುತ್ತಿರುವಾಗ, ಸತ್ತುಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ಕುಣಿತವನ್ನು ಎಬ್ಬಿಸಲು ಅಮೆರಿಕದ ಮಿಲಿಸೆಂಟ್ ಹಾಡ್ಸನ್ ಹೊರಟಿದ್ದಳು. ನೃತ್ಯವನ್ನೂ ಅದರ ಇತಿಹಾಸವನ್ನೂ ಬಲ್ಲವಳು. ಇಂಗ್ಲೆಂಡಿನ ಕೆನೆತ್ ಆರ್ಚರ್ ರೋರಿಕ್‌ನ ಉಡುಗೆ, ಪರದೆಗಳ ಬೆನ್ನುಹತ್ತಿದ್ದ. ಇಬ್ಬರ ಕೆಲಸವೂ ಒಂದಾಯಿತು, ಮದುವೆಯೂ ಆಯಿತು. ಹಳೆಯ ಉಡುಗೆಗಳಲ್ಲಿ ಹಲವು ಹರಾಜಿಗೆ ಬಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ ಸೇರಿದ್ದವು. ಗ್ರೋಸ್‌ಳ ಚಿತ್ರಗಳ ದೊಡ್ಡ ಕಂತೆಯೂ ಅಲ್ಲೇ. ರಾಂಬರ್ಟ್ 1982ರಲ್ಲಿ ತೀರಿಕೊಂಡ ಮೇಲೆ, ಆಕೆ ಹೆಜ್ಜೆ ಗುರುತು ಹಾಕಿದ್ದ ಸ್ವರಲಿಪಿ ಸಿಕ್ಕಿತು. ಹಾಡ್ಸನ್ ಇವನ್ನು ಎದುರುಬದುರು ಇಟ್ಟಳು. ಗ್ರೋಸ್‌ಳ ಗೀಚಿನಲ್ಲಿ ಒಬ್ಬಳ ಕೈ ಎಲ್ಲಿದೆ. ಅದೇ ಮಾತ್ರೆಗೆ ರಾಂಬರ್ಟ್ ಏನು ಬರೆದಿದ್ದಾಳೆ. ಆ ಉಡುಗೆಯಲ್ಲಿ ಅದು ಸಾಧ್ಯವೇ. ಆ ರಾತ್ರಿಯ ಪತ್ರಿಕಾ ವಿಮರ್ಶಕ ಏನು ಕಂಡು ರೇಗಿದ್ದ. ರೇಗಿದ ವಿಮರ್ಶಕರೂ ಉಪಯೋಗಕ್ಕೆ ಬಂದರು. ಇಷ್ಟವಾಗದ್ದನ್ನು ಮನುಷ್ಯ ವಿವರವಾಗಿ ಬರೆಯುತ್ತಾನೆ.

1987ರ ಸೆಪ್ಟೆಂಬರ್ 30ರಂದು ಲಾಸ್ ಏಂಜಲೀಸಿನಲ್ಲಿ ಜಾಫ್ರಿ ಬ್ಯಾಲೆ ತಂಡ ಅದನ್ನು ಆಡಿತು. 74 ವರ್ಷಗಳ ಮೇಲೆ ಆ ಕುಣಿತ ಅದೇ ಬಗೆಯ ಅಂಗಿ, ಜಡೆ, ಕರಡಿ ಚರ್ಮಗಳ ಜೊತೆ ಮತ್ತೆ ರಂಗ ಏರಿತು. ಅವನ್ನು ಬರೆದವನ ಮಗ ಆಗ ಬೆಂಗಳೂರಿನಲ್ಲಿದ್ದ, 82 ವರ್ಷದವ. 1993ರ ಜನವರಿಯಲ್ಲಿ ಅವನು ಹೋದ. ಮರುವರ್ಷದ ಮಾರ್ಚಿನಲ್ಲಿ ದೇವಿಕಾರಾಣಿ. ತೋಟದ ಕತೆ ಕೋರ್ಟಿನ ಮೆಟ್ಟಿಲು ಹತ್ತಿತು.

ಹಾಡ್ಸನ್ ಕಟ್ಟಿದ್ದು ನಿಜಿನ್ಸ್ಕಿಯದೇ ಎಂದು ಎಲ್ಲರೂ ಒಪ್ಪಲಿಲ್ಲ. ಸ್ಟ್ರಾವಿನ್ಸ್ಕಿಯ ಆಪ್ತ ರಾಬರ್ಟ್ ಕ್ರಾಫ್ಟ್ ಮೊದಲಾದವರು ಕಟುವಾಗಿ ಪ್ರಶ್ನಿಸಿದರು. ಅವರ ಮಾತಿನಲ್ಲಿ ತೂಕವಿದೆ. ಚಿತ್ರ ಭಂಗಿಯನ್ನು ಕೊಡುತ್ತದೆ. ಒಂದು ಭಂಗಿಯಿಂದ ಮುಂದಿನದಕ್ಕೆ ದೇಹ ಹೇಗೆ ಹೋಯಿತೆಂದು ಕೊಡುವುದಿಲ್ಲ. ಆ ನಡುವಿನ ಜಾಗಗಳನ್ನು ಹಾಡ್ಸನ್ ತಾನೇ ತುಂಬಿದ್ದಾಳೆ, ಹಾಗೆಂದು ಮುಚ್ಚಿಡದೆ ಹೇಳಿದ್ದಾಳೆ ಕೂಡ. ಅಗೆದು ತೆಗೆದ ಒಡೆದ ಮಡಕೆಗೆ ಸುಣ್ಣದ ಪುಡಿಯ ತೇಪೆ ಹಾಕಿ ನಿಲ್ಲಿಸುವವರು ಮಾಡುವುದೂ ಅಷ್ಟೇ. ರೋರಿಕ್‌ಗೆ ಈ ಕೆಲಸದ ಬಗ್ಗೆ ತಕರಾರಿರುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಮಡಕೆ ಚೂರಿನಿಂದ ಇಡೀ ಹಬ್ಬವನ್ನೇ ಕಲ್ಪಿಸಿದವನು ಅವನು. ನಿಜವಾದ ಪ್ರಾಚೀನ ಸ್ಲಾವರು ಕನ್ಯೆಯರನ್ನು ಹೀಗೆ ಕುಣಿಸಿ ಬಲಿ ಕೊಡುತ್ತಿದ್ದರು ಎನ್ನಲು ಅವನ ಬಳಿಯೂ ಆಧಾರವಿರಲಿಲ್ಲ.

ದಿಯಾಗಿಲೆವ್‌ನ ರಷ್ಯನ್ ಬ್ಯಾಲೆ ರಷ್ಯಾದಲ್ಲಿ ಒಮ್ಮೆಯೂ ಆಡಲಿಲ್ಲ. ರೋರಿಕ್‌ನ ಊರಿನವರು ಈ ಕುಣಿತ ನೋಡಿದ್ದು 2003ರಲ್ಲಿ, ಪೀಟರ್ಸ್‌ಬರ್ಗಿನ ಮರೀನ್ಸ್ಕಿ ರಂಗಮಂದಿರಕ್ಕೆ ಹಾಡ್ಸನ್ ಮತ್ತು ಆರ್ಚರ್ ಅದನ್ನು ಕಲಿಸಿದಾಗ. ಸಾಮ್ರಾಟರ ಶಾಲೆಯ ಸಂಪ್ರದಾಯದಲ್ಲೇ ಬೆಳೆದ ಅಲ್ಲಿನ ಹುಡುಗಿಯರೂ ಪಾದ ಒಳಕ್ಕೆ ತಿರುಗಿಸುವುದನ್ನು ಹೊಸದಾಗಿ ಕಲಿಯಬೇಕಾಯಿತು. ಅಷ್ಟು ಹೊತ್ತಿಗೆ ಹಾಡ್ಸನ್‌ಳ ಪುಸ್ತಕವೂ ಹೊರಬಂದಿತ್ತು, 1996ರಲ್ಲಿ. ಅದರ ಪುಟಗಳಲ್ಲಿ ಸ್ಟ್ರಾವಿನ್ಸ್ಕಿಯ ಸ್ವರಲಿಪಿ, ಪಕ್ಕದಲ್ಲಿ ಮಾತ್ರೆ ಮಾತ್ರೆಗೂ ಅವಳೇ ಬಿಡಿಸಿದ ಪುಟ್ಟ ಆಕೃತಿಗಳು: ಬಾಗಿದ ಮಂಡಿ, ಒರಗಿದ ತಲೆ, ಯಾರು ಯಾರ ಹಿಂದೆ ನಿಲ್ಲಬೇಕೆಂಬ ವೃತ್ತಗಳು.